ಬೇಡಿಯ ಹಳೆಯ ಮೊಳೆ

ಮಾನ್ವಿ
ತಾ. 14-1-1979

ಬೇಟಾ ವಹೀದನಿಗೆ ಗುಡುಸಾಬ ಮಾಮೂನ ದುವಾ.

ಮೊದಲು ನಿನ್ನ ತಾಯಿಯ ಕಣ್ಣಿನ ವಿಷಯ ಬರೆ. ಔಷಧಿ ಹಾಕುವಾಗ ಮುನವ್ವರ್ ಬೀ ಬೈದರೆ ನೀನು ಕೈ ಹಿಂದೆಗೆಯಬೇಡ. ನನ್ನ ತಂಗಿಯಲ್ಲವೇ, ಮೂರು ವರ್ಷದವಳಿದ್ದಾಗ ಕಾಲಿನ ಮುಳ್ಳು ತೆಗೆಯಲು ಹೋದ ನನ್ನನ್ನೂ ಹಾಗೇ ಬೈದಿದ್ದಳು. ನಿನ್ನ ಹೆಂಡತಿ ಜೈಬುನ್ನೀಸಾ ಬಸುರಿ, ಈ ದಿನಗಳಲ್ಲಿ ನೀರು ಹೊರುವುದು ಬೇಡವೆಂದು ನಮ್ಮ ಮನೆಯವಳು, ನಿನ್ನ ಮುಮಾನಿ ಮಹಬೂಬೀ, ಪಕ್ಕದಲ್ಲಿ ಕುಳಿತು ಹೇಳಿ ಬರೆಸುತ್ತಿದ್ದಾಳೆ. ಕೊಡ ನೀನೇ ಎತ್ತು. ಪೊಲೀಸಿನವನು ಕೊಡ ಹೊತ್ತರೆ ಸರ್ಕಾರವೇನೂ ಬೀಳುವುದಿಲ್ಲ. ಕೂಸು ಉಮ್ಮೇ ಕುಲ್ಸುಮಳಿಗೆ ಎಷ್ಟು ಹಲ್ಲು ಬಂದವು? ಇಲ್ಲಿ ಮಹಬೂಬೀಯ ಮಂಡಿ ನೋವು ಚಳಿ ಇರುವ ತನಕ ಇದ್ದದ್ದೇ. ನಾನು ಗಟ್ಟಿ ಇದ್ದೇನೆ.

ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಮನೆಯಲ್ಲಿ ನಾವು ಆಡುವ ಮಾತು ಬೇರೆ, ಬರೆಯಲು ನಮ್ಮಿಬ್ಬರಿಗೂ ಬರುವುದು ಕನ್ನಡ ಒಂದೇ. ನಿನಗೆ ಅದನ್ನು ಶಾಲೆ ಕಲಿಸಿತು. ನನಗೆ ಬಸ್ಸಿನ ಬೋರ್ಡು ಮತ್ತು ಬೆಲ್ಲ ಕಟ್ಟಿ ಬಂದ ಪೇಪರು ಕಲಿಸಿದವು.

ನೀನು ಕಂಡಕ್ಟರ್ ಜಿಲಾನಿ ಪಾಷಾನ ಕೈಯಲ್ಲಿ ಕಳಿಸಿದ ಚೀಲ ಬಂದು ಮುಟ್ಟಿತು. ಒಳಗಿನದನ್ನು ನೋಡಿ ನಿನ್ನ ಮುಮಾನಿ, "ಇದನ್ನ ಮನಿಯೊಳಗ ತರಬ್ಯಾಡ್ರಿ, ಅಂಗಡ್ಯಾಗೇ ಇಡ್ರಿ" ಎಂದಳು. ಬೀಗ, ಸ್ಟೋವು, ಟ್ರಂಕು ರಿಪೇರಿ ಮಾಡುವ ಅಂಗಡಿಗೆ ಪೊಲೀಸರ ಬೇಡಿ ಬಂದದ್ದು ಇದೇ ಮೊದಲು. ನಿನ್ನ ಚೀಟಿಯನ್ನು ಎರಡು ಸಲ ಓದಿದೆ. "ಬೇಡಿ ಜೀಪಿನಿಂದ ಬಿದ್ದು ಗಾಲಿ ಹತ್ತಿ ಬಾಗಿದೆ, ಕೀಲಿಕೈ ತಿರುಗುತ್ತಿಲ್ಲ, ಯಾರಿಗೂ ಹೇಳದೆ ಸರಿಮಾಡಿ ಕಳಿಸಿ, ಸರ್ಕಾರಿ ಸಾಮಾನು, ಗೊತ್ತಾದರೆ ನನ್ನ ತಲೆಗೆ ಬರುತ್ತದೆ" ಎಂದು ಬರೆದಿದ್ದೀ. ಯಾರಿಗೂ ಹೇಳಲಿಲ್ಲ.

ಮೂರು ದಿನ ಹಿಡಿಯಿತು. ಕೀಲಿಯ ಗೂಡು ತಗ್ಗಾಗಿತ್ತು, ಕಾಯಿಸಿ ಎತ್ತಿದೆ. ಒಳಗೆ ಬಿಳಿ ಅಂಗಿಯ ದಾರದ ಎಳೆ ಸಿಕ್ಕಿಕೊಂಡಿತ್ತು, ತೆಗೆದೆ. ಬೇಡಿ ಮಡಚುವ ಕಡೆಯ ಮೊಳೆಯ ತಲೆ ಹೂವಿನ ಹಾಗೆ ಒಡೆದಿತ್ತು. ಹೊಸ ಮೊಳೆ ಮಾಡಿ ಕೂಡಿಸಿ, ಎಣ್ಣೆ ಬಿಟ್ಟಿದ್ದೇನೆ. ಈಗ ಕೀಲಿಕೈ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತದೆ. ಜೀಪಿನ ಗಾಲಿ ಹತ್ತಿದರೆ ಬೇಡಿ ಹೀಗೂ ಕೆಡುತ್ತದೆಂದು ಈ ವಯಸ್ಸಿನಲ್ಲಿ ಕಲಿತ ಹಾಗಾಯಿತು.

ಒಂದು ತಪ್ಪಾಗಿದೆ. ತೆಗೆದ ತುಂಡನ್ನು ಗಿರಾಕಿಯ ಕೈಗೇ ಕೊಡಬೇಕು, ಏನು ಕೆಟ್ಟಿತ್ತೆಂದು ಅವನು ಕಣ್ಣಿನಿಂದ ನೋಡಬೇಕು ಎಂದು ನನ್ನ ಉಸ್ತಾದರು ಕಲಿಸಿದ್ದು ನಿನಗೂ ಗೊತ್ತು. ನೀನು ಚಿಕ್ಕವನಿದ್ದಾಗ ಆ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಗಿರಾಕಿಗಳಿಗೆ ಕೊಡುತ್ತಿದ್ದವನು ನೀನೇ. ಈ ಸಲ ಹಳೆಯ ಮೊಳೆ ಕಳಿಸಲು ಮರೆತೆ. ಬೇಡಿಯ ಚೀಲವನ್ನು ಜಿಲಾನಿ ಪಾಷಾನ ಕೈಗೆ ಕೊಡುವಾಗ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅದು ಇಲ್ಲೇ ಡಬ್ಬಿಯಲ್ಲಿದೆ.

ಎಲ್ಲರ ಕ್ಷೇಮಕ್ಕೆ ಬರೆ.

ನಿನ್ನ ಮಾಮೂ
ಗುಡುಸಾಬ

---

ದೇವದುರ್ಗ
ತಾ. 27-1-1979

ಪೂಜ್ಯ ಮಾಮೂ ಅವರಿಗೆ ವಹೀದ್ ಮಾಡುವ ಸಲಾಂ.

ಸಾಮಾನು ಬಂದು ಸೇರಿತು. ಸಾಹೇಬರು ಕೈಯಲ್ಲಿ ಹಿಡಿದು ನೋಡಿ, ಹೊಸದರ ಹಾಗಿದೆ ಎಂದರು. ಜೂನ್ ತಿಂಗಳಿಗೆ ನನ್ನ ನೌಕರಿ ಕಾಯಂ ಆಗಬೇಕು, ಅದಕ್ಕೆ ಸಾಹೇಬರ ಒಂದು ಸಹಿ ಬೇಕು. ಅಲ್ಲಿಯ ತನಕ ದೇವದುರ್ಗದ ಮನೆಯಿಂದ ಹೊಳೆದಂಡೆಯ ಔಟ್‌ಪೋಸ್ಟಿಗೆ ದಿನಾ ಸೈಕಲ್ ತುಳಿಯುವುದು ಇದ್ದೇ ಇದೆ.

ಅಮ್ಮನ ಕಣ್ಣು ಸುಧಾರಿಸುತ್ತಿದೆ. ನಾನು ಸರಿಯಾಗಿ ಉಣ್ಣುವುದಿಲ್ಲವೆಂದು ನಿಮಗೆ ದೂರು ಬರೆಯಬೇಕೆಂದು ಅವಳೇ ನನಗೆ ಅಪ್ಪಣೆ ಮಾಡಿದ್ದಾಳೆ. ಬರೆದಿದ್ದೇನೆ. ಉಮ್ಮೇ ಕುಲ್ಸುಮಳಿಗೆ ನಾಲ್ಕು ಹಲ್ಲು. ಜೈಬುನ್ನೀಸಾ ಕೊಡ ಎತ್ತುವುದಿಲ್ಲ, ನಾನೇ ತರುತ್ತೇನೆ.

ಹಳೆಯ ಮೊಳೆ ಕಳಿಸುವುದು ಬೇಡ. ಅದರಿಂದ ಯಾರಿಗೂ ಉಪಯೋಗವಿಲ್ಲ, ಬಾವಿಗೆ ಎಸೆದುಬಿಡಿ. ಮರೆಯಬೇಡಿ.

ನಿಮ್ಮ ವಹೀದ್

---

ಮಾನ್ವಿ
ತಾ. 9-2-1979

ಬೇಟಾ ವಹೀದ್,

ನಿನ್ನ ತಾಯಿಯ ದೂರು ಮುಟ್ಟಿತು. ನೀನು ಉಣ್ಣದಿದ್ದರೆ ನಾನು ಇಲ್ಲಿಂದ ಏನು ಮಾಡಲಿ, ಬಸ್ಸಿನಲ್ಲಿ ತುತ್ತು ಕಳಿಸಲಾಗುತ್ತದೆಯೇ? ಜೋಳದ ರಾಶಿ ಮುಗಿದ ಕಾಲ, ಬಿಸಿ ರೊಟ್ಟಿಗೆ ಬರವಿಲ್ಲ. ಉಣ್ಣು.

ಈ ವಾರ ಅಂಗಡಿಯಲ್ಲಿ ಒಂದು ಸಂಗತಿ ನಡೆಯಿತು. ನಿನಗೆ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಬಾಗಲವಾಡದ ತಾಯಪ್ಪ ಎಂಬುವನು ನನ್ನ ಹಳೆಯ ಗಿರಾಕಿ. ಕುರಿಗಳ ಉಣ್ಣೆ ಕತ್ತರಿಸುವುದು ಅವನ ಕೆಲಸ. ವರ್ಷಕ್ಕೆರಡು ಸಲ ತನ್ನ ದೊಡ್ಡ ಕತ್ತರಿಯನ್ನು ಸಾಣೆ ಹಿಡಿಸಲು ತರುತ್ತಾನೆ. ಈ ಸಲ ಡಿಸೆಂಬರಿನಲ್ಲಿ ಕೊಟ್ಟು ಹೋದವನು ಬರಲೇ ಇಲ್ಲ. ಮೊನ್ನೆ ಅವನ ಹೆಂಡತಿ ಹುಲಗೆಮ್ಮ ಬಂದಳು.

"ಸಾಣಿ ಹಿಡಿಯೋದು ಬ್ಯಾಡ್ರಿ ಯಪ್ಪಾ, ಹಂಗೇ ಕೊಡ್ರಿ. ಯಾರಾರ ಕೊಂಡ್ರ ಮಾರತೀನಿ" ಎಂದಳು.

"ಯಾಕವ್ವಾ, ತಾಯಪ್ಪ ಉಣ್ಣಿ ಕತ್ತರಿಸೋದು ಬಿಟ್ಟನೇನು?"

"ಬಿಡಿಸ್ಯಾರ್ರಿ. ಬಲಗೈ ಮಡಚಾಕ ಬರವಲ್ದು. ನಿನ್ನೆ ರೊಟ್ಟಿ ಮುರಿಯಾಕ ಹೋಗಿ ತಾಟೇ ಚೆಲ್ಲಿಬಿಟ್ಟ. ಅತ್ತನೋ ನಕ್ಕನೋ ತಿಳೀಲಿಲ್ಲ, ನಾ ಎದ್ದು ಹೊರಗ ಬಂದೆ."

ಕೂಡಿಸಿ ನೀರು ಕೊಟ್ಟು ಕೇಳಿದೆ. ಹೊಸ ವರ್ಷದ ಮೊದಲ ವಾರ ತಾಯಪ್ಪ ಹೊಳೆದಂಡೆಯ ಸಂತೆಗೆ ಕುರಿ ಸಾಕಿದವರನ್ನು ಕಂಡು ಕೆಲಸ ಕೇಳಲು ಹೋಗಿದ್ದನಂತೆ. ಅಲ್ಲಿ ಯಾರದೋ ನೀರೆತ್ತುವ ಇಂಜಿನ್ನಿನ ಹಿತ್ತಾಳೆ ಸಾಮಾನು ಕಳುವಾಗಿತ್ತು. ಇವನ ಮೇಲೆ ಅನುಮಾನ ಬಂದು ಔಟ್‌ಪೋಸ್ಟಿನವರು ಹಿಡಿದರು. ಸಂತೆಯಲ್ಲಿ ಎಲ್ಲರ ಎದುರಿಗೇ ಎರಡೂ ಕೈಗೆ ಬೇಡಿ ಹಾಕಿದರು, ಹಾಕಿದ ಮೇಲೆ ಹೊಡೆದರು ಎಂದು ಅವನು ಹೇಳುತ್ತಾನೆ. ಪೊಲೀಸರ ಕಾಗದದಲ್ಲಿ ಬೇರೆ ಇದೆ. ಬೇಡಿ ಹಾಕುವ ಮೊದಲೇ ಸಾಹೇಬರ ಮೇಲೆ ಕೈ ಮಾಡಿದ, ಜೀಪಿನಿಂದ ಹಾರಿ ಓಡಲು ನೋಡಿದ, ಬಿದ್ದು ತಾನೇ ಕೈ ಮುರಿದುಕೊಂಡ ಎಂದು. ಈಗ ಕಳವಿನದು ಹಿಂದೆ ಬಿದ್ದಿದೆ, ಸಾಹೇಬರಿಗೆ ಹೊಡೆದನೆಂಬುದೇ ದೊಡ್ಡ ಕೇಸಾಗಿದೆ. ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ರಾಯಚೂರಿನ ಕೋರ್ಟಿನಲ್ಲಿ ಅದು ಸಾಬೀತಾದರೆ ಜೈಲು.

"ನೀವು ಅರ್ಜಿ ಬರಿತೀರಂತಲ್ರಿ ಯಪ್ಪಾ, ನಮಗೂ ಒಂದು ಬರದು ಕೊಡ್ರಿ. ದೊಡ್ಡ ಸಾಹೇಬ್ರಿಗೆ. ಬೇಡಿ ಹಾಕಿದ ಮ್ಯಾಲೆ ಹೊಡದಾರಂತ ಅಷ್ಟ ಬರೀರಿ, ಹೆಚ್ಚಿಂದು ಬ್ಯಾಡ."

ಬೇಡಿ ಎಂದಾಗ ನನ್ನ ಕೈಯಲ್ಲಿದ್ದ ಕಬ್ಬಿಣ ಉಜ್ಜುವ ಅರ ಕೆಳಗೆ ಬಿತ್ತು. ವಯಸ್ಸಾಯಿತು, ಹಿಡಿತ ಕಡಿಮೆಯಾಗಿದೆ.

ನಿಮ್ಮ ಔಟ್‌ಪೋಸ್ಟಿನದೇ ವಿಷಯವಾದ್ದರಿಂದ ಕೇಳುತ್ತಿದ್ದೇನೆ. ಆ ಸಂತೆಯ ದಿನ ನೀನು ರಜೆಯಲ್ಲಿದ್ದಿರಬೇಕು. ಆ ವಾರ ನಿನ್ನ ತಾಯಿಯನ್ನು ರಾಯಚೂರಿಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗುತ್ತೇನೆಂದು ಬರೆದಿದ್ದೆಯಲ್ಲ. ಹಾಗೆ ಹೋಗಿದ್ದೆ ಎಂದು ಬರೆ. ನಿನ್ನ ಜೊತೆಯವರಲ್ಲಿ ಯಾರು ಅವನನ್ನು ಹಿಡಿದಿದ್ದರೆಂದು ತಿಳಿದರೆ ಅದನ್ನೂ ಬರೆ. ಅರ್ಜಿಗೆ ನಾನು ಇನ್ನೂ ಕೈ ಹಚ್ಚಿಲ್ಲ. ಕತ್ತರಿಯನ್ನು ಮಾರಬೇಡವೆಂದು ಹೇಳಿ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ದಾರಿ ನೋಡುತ್ತಿರುವ
ಗುಡುಸಾಬ

---

ದೇವದುರ್ಗ
ತಾ. 3-3-1979

ಮಾಮೂ ಅವರಿಗೆ ಸಲಾಂ.

ಉತ್ತರಕ್ಕೆ ತಡವಾಯಿತು, ಬಂದೋಬಸ್ತಿನ ಕೆಲಸವಿತ್ತು. ಎಲ್ಲರೂ ಚೆನ್ನಾಗಿದ್ದಾರೆ.

ನೀವು ಬರೆದ ದಿನ ನಾನು ಡ್ಯೂಟಿಯ ಮೇಲೆ ಇರಲಿಲ್ಲ. ಅಮ್ಮನನ್ನು ರಾಯಚೂರಿಗೆ ಕರೆದುಕೊಂಡು ಹೋಗಿದ್ದೆ. ಆದರೆ ಔಟ್‌ಪೋಸ್ಟಿನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿರುವುದರಿಂದ ಹೇಳುತ್ತೇನೆ. ಹೆಂಗಸು ಅತ್ತಳೆಂದು ನೀವು ಕರಗಬೇಡಿ. ಆ ತಾಯಪ್ಪನೇನು ಸಾಧುವಲ್ಲ. ಸಾಹೇಬರ ತುಟಿ ಒಡೆದು ರಕ್ತ ಬಂದದ್ದನ್ನು ಸಂತೆಯೆಲ್ಲ ನೋಡಿದೆ. ಜೀಪಿನಲ್ಲಿ ಕೂಡಿಸಿದ ಮೇಲೂ ಸುಮ್ಮನಿರದೆ, "ನನ್ನ ರುಮಾಲು ಬಿದ್ದದ, ತಲಿ ಮ್ಯಾಲ ಇಡ್ರಿ, ಮಂದಿ ನೋಡಾಕತ್ತಾರ" ಎಂದು ಹಟ ಹಿಡಿದಿದ್ದ. ಇಂಥವನ ಪರವಾಗಿ ನೀವು ಅರ್ಜಿ ಬರೆದರೆ ಮೇಲೆ ನಿಮ್ಮ ಅಕ್ಷರ ಗುರುತಿಸುವವರಿದ್ದಾರೆ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ ಎಂಬುದು ನೆನಪಿರಲಿ. ಮನೆಯಲ್ಲಿ ಮೂವರು ನನ್ನನ್ನು ನಂಬಿದ್ದಾರೆ, ಇನ್ನೊಂದು ಜೀವ ಬರುವುದಿದೆ.

ಅರ್ಜಿ ಬರೆಯಬೇಡಿ. ಮೊಳೆ ಎಸೆದಿದ್ದೀರೆಂದು ತಿಳಿದಿದ್ದೇನೆ.

ವಹೀದ್

---

ಮಾನ್ವಿ
ತಾ. 11-3-1979

ವಹೀದ್,

ನಿನ್ನ ಕಾಗದ ಬಂದ ಮರುದಿನ ನಿಮ್ಮ ಔಟ್‌ಪೋಸ್ಟಿನ ಹವಾಲ್ದಾರರು ಅಂಗಡಿಗೆ ಬಂದಿದ್ದರು. ಕೈಯಲ್ಲಿ ಒಂದು ಬೀಗ. ಬೀಗಕ್ಕೇನೂ ಆಗಿರಲಿಲ್ಲ.

"ಮುದುಕರ, ನಿಮ್ಮ ಅಂಗಡಿ ರಸ್ತೆದ ಮ್ಯಾಲ ಎರಡು ಗೇಣು ಬಂದದಲ್ರಿ" ಎಂದರು.

"ಮೂವತ್ತು ವರ್ಷದಿಂದ ಅಲ್ಲೇ ಅದರಿ. ರಸ್ತೆನೇ ಒಳಗ ಬಂದಿರಬೇಕು ನೋಡ್ರಿ."

ನಕ್ಕರು. ಚಹಾ ತರಿಸಿದೆ, ಕುಡಿದರು. ಆಮೇಲೆ ನನ್ನ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಅಲುಗಾಡಿಸಿ ನೋಡುತ್ತ, "ಹಳೀ ಮೊಳಿ ಗಿಳಿ ಇಟ್ಕೊಂಡು ಏನ್ ಮಾಡ್ತೀರಿ, ಇದ್ರ ಕೊಟ್ಟುಬಿಡ್ರಿ" ಎಂದರು. ಬಾವಿಗೆ ಎಸೆದೆನೆಂದು ಹೇಳಿದೆ. ಅದು ಸುಳ್ಳು. ಮೊಳೆ ಮಹಬೂಬೀಯ ಎಲೆ ಅಡಿಕೆ ಸಂಚಿಯಲ್ಲಿತ್ತು. ಬೇಡಿಯನ್ನು ಮನೆಯೊಳಗೆ ಬಿಡದವಳು ಮೊಳೆಯನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದಾಳೆ. ಆ ಮೊಳೆಯ ವಿಷಯ ನಾನು ನಿನಗೊಬ್ಬನಿಗೇ ಬರೆದಿದ್ದೆ, ವಹೀದ್.

ನೀನು ಆ ದಿನ ರಾಯಚೂರಿನಲ್ಲಿದ್ದೆ ಎಂದು ಬರೆದಿದ್ದೀ. ತಾಯಪ್ಪ ರುಮಾಲು ತಲೆಯ ಮೇಲೆ ಇಡಿರೆಂದು ಕೇಳಿದ ಎಂದೂ ಬರೆದಿದ್ದೀ. ಹುಲಗೆಮ್ಮ ನನಗೆ ರುಮಾಲಿನ ಮಾತು ಹೇಳಿಲ್ಲ. ಪಕ್ಕದಲ್ಲಿ ಕುಳಿತವನಿಗೆ ಮಾತ್ರ ಅದು ಕೇಳಿಸುತ್ತದೆ. ಇನ್ನೊಂದು ಯೋಚಿಸು. ಕೈಗೆ ಬೇಡಿಯಿಲ್ಲದ ಮನುಷ್ಯ ತನ್ನ ರುಮಾಲನ್ನು ತಾನೇ ಎತ್ತಿ ಇಟ್ಟುಕೊಳ್ಳುತ್ತಾನೆ. ಬೇರೆಯವರಿಗೆ ಯಾಕೆ ಹೇಳುತ್ತಾನೆ?

ನಿನ್ನ ಸುಳ್ಳನ್ನು ಹಿಡಿದೆನೆಂದು ನನಗೆ ಹೆಮ್ಮೆಯಿಲ್ಲ. ಯಾಕೆಂದರೆ ಜನವರಿಯಲ್ಲಿಯೇ ನನಗೆ ಗೊತ್ತಿತ್ತು. ಚೀಲದಿಂದ ತೆಗೆದ ಗಳಿಗೆಗೇ ಗೊತ್ತಾಯಿತು.

ಗಾಲಿ ಹತ್ತಿದ ಬೇಡಿ ಚಪ್ಪಟೆಯಾಗುತ್ತದೆ. ಇದು ಚಪ್ಪಟೆಯಾಗಿರಲಿಲ್ಲ. ಕೀಲಿಯ ಗೂಡಿನ ಮೇಲೆ ಒಂದೇ ಜಾಗದಲ್ಲಿ ಒಂದು ಪೆಟ್ಟು, ಲಾಠಿಯ ತುದಿಯ ಕಬ್ಬಿಣದ ಬಳೆಯಷ್ಟು ಅಗಲ. ನಿನಗೆ ನೌಕರಿ ಬಂದಾಗ ನಿನ್ನ ಲಾಠಿಗೆ ಆ ಬಳೆ ಕೂಡಿಸಿದವನು ನಾನು. ಪೇಟೆಗೆಲ್ಲ ಪೇಡೆ ಹಂಚಿ ಬಂದು ಕುಳಿತು, ಸೀಳದಿರಲಿ ಎಂದು ಎರಡು ಸುತ್ತು ಹಾಕಿ ಕೂಡಿಸಿದ್ದೆ. ಅದರ ಅಗಲ ನನ್ನ ಹೆಬ್ಬೆರಳಿಗೆ ಗೊತ್ತು.

ಇನ್ನು ಆ ಮೊಳೆ. ಕೀಲಿಕೈ ತಿರುಗದಿದ್ದಾಗ ಯಾರೋ ಮೊಳೆಯನ್ನು ಬಡಿದು ಹೊರಗೆ ತೆಗೆದು, ಆಮೇಲೆ ತೂರಿಸಿ ನನಗೆ ಕಳಿಸಿದ್ದರು. ಖಾಲಿ ಬೇಡಿಯಾದರೆ ಕಲ್ಲಿನ ಮೇಲಿಟ್ಟು ಎರಡು ಪೆಟ್ಟು ಹಾಕಿದರೆ ಆಯಿತು, ಕೆಳಗಿನ ಮಗ್ಗುಲಿಗೆ ಕಲ್ಲಿನ ಗೀರು ಬೀಳುತ್ತದೆ. ಇದರ ಕೆಳಮಗ್ಗುಲು ನುಣ್ಣಗಿತ್ತು. ಅಡಿಯಲ್ಲಿ ಮೆತ್ತಗಿನದೇನೋ ಇತ್ತು. ಮೊಳೆಯ ತಲೆಯ ಮೇಲೆ ಸಣ್ಣ ಸಣ್ಣ ಪೆಟ್ಟು, ಎಣಿಸಲಾರದಷ್ಟು, ಒಂದೂ ಜೋರಿನದಲ್ಲ. ಒಳಗೆ ಬಾತ ಕೈ ಇರುವಾಗ ಹೆದರಿ ಹೆದರಿ ಬಡಿದವನ ಪೆಟ್ಟು ಅವು. ಹಾಗೆ ಬಡಿಯುವುದನ್ನು ಒಬ್ಬನಿಗೆ ನಾನು ಕಲಿಸಿದ್ದೆ. ಅವನು ಆಗ ಎಂಟು ವರ್ಷದವನು, ಬೆರಳಿಗೆ ಸಿಕ್ಕಿದ ಉಂಗುರ ಬಿಡಿಸಿಕೊಳ್ಳಲು ಬಂದವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ.

ಇಷ್ಟು ಗೊತ್ತಿದ್ದೂ ನಾನು ಬೇಡಿಯನ್ನು ನೆಟ್ಟಗೆ ಮಾಡಿದೆ. ತಾಯಪ್ಪನಿಗೆ ಇದ್ದ ಒಂದೇ ಸಾಕ್ಷಿಯನ್ನು ಕಾಯಿಸಿ, ಎತ್ತಿ, ಎಣ್ಣೆ ಬಿಟ್ಟು ಹೊಸದು ಮಾಡಿ ಕೊಟ್ಟೆ. ಕೆಲಸ ಚೆನ್ನಾಗಾಯಿತೆಂದು ಸಂತೋಷವನ್ನೂ ಪಟ್ಟೆ. ಆಗ ಅದು ಯಾರ ಕೈಯೆಂದು ಗೊತ್ತಿರಲಿಲ್ಲ. ಅದು ನೆಪ. ಯಾರದೋ ಕೈಯೆಂಬುದು ಗೊತ್ತಿತ್ತಲ್ಲ. ಆಮೇಲೆ, ನೀನು ರಜೆಯಲ್ಲಿದ್ದೆ ಎಂದು ಬರೆ ಎಂದು ಸುಳ್ಳನ್ನು ನಾನೇ ನಿನ್ನ ಬಾಯಿಗಿಟ್ಟೆ. ನೀನು ಅದನ್ನೇ ತಿರುಗಿ ಕಳಿಸಿದೆ.

ಅರ್ಜಿ ಬರೆದುಕೊಟ್ಟಿದ್ದೇನೆ. ಅದರಲ್ಲಿ ನಿನ್ನ ಹೆಸರಿಲ್ಲ, ಮೊಳೆಯ ಮಾತೂ ಇಲ್ಲ. ಹುಲಗೆಮ್ಮ ಹೇಳಿದಷ್ಟೇ ಬರೆದೆ.

ಏನಾಯಿತೆಂದು ನನಗಾದರೂ ಹೇಳು.

ಗುಡುಸಾಬ

---

ದೇವದುರ್ಗ
ತಾ. 2-4-1979

ಮಾಮೂ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಓದಿ ಸುಟ್ಟುಬಿಡಿ.

ನಾನು ರಾಯಚೂರಿಗೆ ಹೋಗಿರಲಿಲ್ಲ. ರಜೆ ಕೊಡಲಿಲ್ಲ. ಅಮ್ಮನನ್ನು ಜೈಬುನ್ನೀಸಾ ಕರೆದುಕೊಂಡು ಹೋದಳು, ಆ ಸ್ಥಿತಿಯಲ್ಲಿ.

ಸಂತೆಯಲ್ಲಿ ತಾಯಪ್ಪನಿಗೆ ಬೇಡಿ ಹಾಕಿದ್ದು ನಾನೇ. ಅವನು ಎರಡೂ ಕೈ ತಾನಾಗಿ ಮುಂದೆ ಚಾಚಿದ, "ಹಾಕ್ರಿ, ನಾ ಎಲ್ಲಿಗೂ ಓಡಂಗಿಲ್ಲ" ಎಂದ. ಕೀಲಿಕೈ ನನ್ನ ಕಿಸೆಯಲ್ಲಿತ್ತು. ಸಾಹೇಬರು ಸಾಮಾನು ಎಲ್ಲಿಟ್ಟೆ ಎಂದು ಕೇಳಿದರು. ಗೊತ್ತಿಲ್ಲ ಎಂದ. ಕಪಾಳಕ್ಕೆ ಹೊಡೆದರು. ರುಮಾಲು ಬಿತ್ತು. ಎರಡನೆಯ ಏಟಿಗೆ ಅವನು ಮುಖ ಮುಚ್ಚಿಕೊಳ್ಳಲು ಕೈ ಎತ್ತಿದ. ಎರಡೂ ಕೈ ಕೂಡಿದ್ದರಿಂದ ಬೇಡಿ ಹೋಗಿ ಸಾಹೇಬರ ತುಟಿಗೆ ತಾಗಿತು. ಸಂತೆಯಲ್ಲಿ ಯಾರೋ ನಕ್ಕರು, ಮಾಮೂ. ಅವರು ನಗದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ. ಸಾಹೇಬರು ನನ್ನ ಕಡೆ ತಿರುಗಿ, "ನೋಡ್ತಾ ನಿಂತೀಯೇನು, ಹಾಕು" ಎಂದರು.

ಅವನ ಕೈ ಇನ್ನೂ ಮುಖದ ಮುಂದೆಯೇ ಇತ್ತು. ಅವನು ಹೊಡೆಯಲು ಕೈ ಎತ್ತಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಲಾಠಿಯ ಒಂದೇ ಏಟು.

ಮಧ್ಯಾಹ್ನದ ಹೊತ್ತಿಗೆ ಕೈ ಬಾತು ಬೇಡಿ ಮಾಂಸದೊಳಗೆ ಹೋಯಿತು. ಕೀಲಿಕೈ ತಿರುಗಲಿಲ್ಲ. ಉಳಿದವರು ಊಟಕ್ಕೆ ಹೋದರು. ನಾನು ಕಟ್ಟೆಯ ಮೇಲೆ ಕುಳಿತು ಅವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೊಳೆ ಬಡಿದೆ. ನೀವು ಬರೆದದ್ದು ಸರಿ. ಅವನು ಒಂದು ಸಲವೂ ಕೂಗಲಿಲ್ಲ. "ಸಾವಕಾಶ ಬಡೀರಿ ಸಾಬರ, ನಿಮ್ಮ ತೊಡಿಗೆ ಪೆಟ್ಟಾದೀತು" ಎಂದ. ಅಂದಿನಿಂದ ನನಗೆ ತುತ್ತು ಇಳಿಯುತ್ತಿಲ್ಲ.

ಬೇಡಿ ಹಾಕುವ ಮೊದಲೇ ಜಗಳವಾಯಿತು ಎಂಬ ಕಾಗದಕ್ಕೆ ನನ್ನ ಸಹಿ ಇದೆ. ಮೊಳೆಯ ವಿಷಯ ಹವಾಲ್ದಾರರಿಗೆ ಹೇಳಿದ್ದೂ ನಾನೇ. ಎಲ್ಲ ತುಂಡೂ ಬಂದಿದೆಯೇ ಎಂದು ಕೇಳಿದರು, ಬಾಯಿಯಿಂದ ಬಂದುಹೋಯಿತು.

ಏಪ್ರಿಲ್ 24ಕ್ಕೆ ರಾಯಚೂರಿನಲ್ಲಿ ನನ್ನ ಸಾಕ್ಷಿ. ಕಾಗದದಲ್ಲಿದ್ದ ಹಾಗೆ ಹೇಳಿದರೆ ಜೂನ್‌ನಲ್ಲಿ ಕಾಯಂ ಎಂದು ಸಾಹೇಬರು ಹೇಳಿದ್ದಾರೆ. ಹೇಳದಿದ್ದರೆ ಹೊಡೆದವನು ನಾನೊಬ್ಬನೇ ಎಂದಾಗುತ್ತದೆ, ಹಾಕು ಎಂದದ್ದಕ್ಕೆ ಸಾಕ್ಷಿ ಎಲ್ಲಿದೆ? ನೌಕರಿ ಹೋಗುತ್ತದೆ, ಕೇಸು ನನ್ನ ಮೇಲೆ ತಿರುಗುತ್ತದೆ. ಅಮ್ಮನಿಗೆ ಏನೂ ಗೊತ್ತಿಲ್ಲ. ನನ್ನ ಅಂಗಿಗೆ ತಾನೇ ಇಸ್ತ್ರಿ ಮಾಡಿಸಿ ಗೂಟಕ್ಕೆ ಹಾಕುತ್ತಾಳೆ, ಗುಂಡಿಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಾಳೆ. ನಾನು ಯಾವ ಕಡೆಗೆ ಹೋಗಲಿ ಹೇಳಿ.

ಸುಡಿ, ಮಾಮೂ. ಇದು ನಿಮ್ಮ ಒಲೆಯಲ್ಲಿ ಬೂದಿಯಾಯಿತೆಂದು ತಿಳಿದರೆ ಸಾಕು.

ವಹೀದ್

---

ಮಾನ್ವಿ
ತಾ. 8-4-1979

ಬೇಟಾ ವಹೀದ್,

ಮುನವ್ವರ್ ಬೀಗೆ, ಜೈಬುನ್ನೀಸಾಗೆ, ನಾಲ್ಕು ಹಲ್ಲಿನ ಉಮ್ಮೇ ಕುಲ್ಸುಮಳಿಗೆ ನನ್ನ ದುವಾ. ಬಿಸಿಲು ಜೋರಾಗಿದೆ, ಮಧ್ಯಾಹ್ನ ಸೈಕಲ್ ತುಳಿಯುವಾಗ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊ. ನಿನ್ನ ಮುಮಾನಿಗೆ ನಿನ್ನ ಕಾಗದ ಓದಿ ಹೇಳಿದೆ. ರುಮಾಲಿನ ತನಕ ಕೇಳಿದಳು, ಆಮೇಲೆ ಎದ್ದು ಒಲೆಯ ಮುಂದೆ ಹೋಗಿ ಕುಳಿತಳು. ಸುಡಲಿಕ್ಕೆ ಬೆಂಕಿ ತಯಾರಿತ್ತು.

ನಾನು ಸುಡಲಿಲ್ಲ. ಮೂರು ದಿನ ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದೆ.

ಮೊದಲ ದಿನ ಬಾಗಲವಾಡಕ್ಕೆ ಹೋದೆ. ತಾಯಪ್ಪ ಮನೆಯಲ್ಲಿದ್ದ. ಕತ್ತರಿ ತೆಗೆದುಕೊಂಡು ಹೋಗಿದ್ದೆ. ಎಡಗೈಯಲ್ಲಿ ಹಿಡಿದು ನೋಡಿದ, ಬರಲಿಲ್ಲ. "ಇದು ಬಲಗೈಯವರ ಕತ್ತರಿ ಯಪ್ಪಾ, ಎಡಗೈಗೆ ಉಲ್ಟಾ ಮಾಡಿ ಕೊಡ್ತೀಯೇನು?" ಎಂದು ನಕ್ಕ. ನಾನು ಹೌದೆಂದೆ. ಆ ಕೆಲಸ ಇಷ್ಟು ದಿನ ಮಾಡಿಲ್ಲ, ಮಾಡುತ್ತೇನೆ.

ಅಲ್ಲಿ ಹುಲಗೆಮ್ಮನಿಗೆ ಹೇಳಿಬಿಟ್ಟೆ, ನನ್ನ ತಂಗಿಯ ಮಗ ಆ ಔಟ್‌ಪೋಸ್ಟಿನಲ್ಲಿದ್ದಾನೆ, ನಿನ್ನ ಅರ್ಜಿ ಬರೆದವನು ಅವನ ಸೋದರಮಾವ, ಇನ್ನು ನನ್ನನ್ನು ನಂಬುವುದು ಬಿಡುವುದು ನಿನ್ನದು ಎಂದು.

ಅವಳು ಒಲೆಯಿಂದ ತಲೆ ಎತ್ತದೆಯೇ, "ಗೊತ್ತಿತ್ರಿ" ಎಂದಳು. "ಮೊದಲನೇ ದಿನನೇ ಗೊತ್ತಿತ್ತು. ಅದಕ್ಕ ನಿಮ್ಮ ಕಡಿ ಬಂದೆ. ಬ್ಯಾರೆಯವರ ಕಡಿ ಬರಸಿದ್ರ ಕಚೇರಿಗೆ ಹೋಗತಿತ್ತು. ನಿಮ್ಮ ಕಡಿ ಬರಸಿದ್ರ ಆ ಹುಡುಗನ ಮನಿಗೆ ಮುಟ್ಟತದ ಅಂದ್ಕೊಂಡೆ. ಮುಟ್ಟೇತೇನ್ರಿ?"

ನನ್ನ ಕಿಸೆಯಲ್ಲಿ ನಿನ್ನ ಕಾಗದವಿತ್ತು. ಮುಟ್ಟಿದೆ ಎಂದೆ. ಅಷ್ಟೇ ಹೇಳಿದೆ.

ಮರುದಿನ ರಾಯಚೂರಿಗೆ ಹೋಗಿ ಅವರ ವಕೀಲರನ್ನು ಕಂಡೆ. ಬೇಡಿ ರಿಪೇರಿ ಮಾಡಿದವನು ನಾನು, ಸಾಕ್ಷಿಗೆ ನನ್ನ ಹೆಸರು ಬರೆಸಿರಿ ಎಂದೆ. ಮೊಳೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿ, "ಮೊಳಿ ನೋಡಿ ಜಡ್ಜ್ ಏನು ನಂಬ್ತಾರ್ರೀ ಹಿರಿಯರ? ಅಲ್ಲಿ ನಿಂತು ನೋಡಿದವ ಯಾರಾರ ಹೇಳಬೇಕು" ಎಂದರು. ಆಗ ಕಾಗದ ಕಿಸೆಯಲ್ಲಿ ಕೆಂಡದ ಹಾಗಿತ್ತು. ತೆಗೆದು ಮೇಜಿನ ಮೇಲಿಟ್ಟಿದ್ದರೆ ಅಂದೇ ತಾಯಪ್ಪನ ದಾರಿ ತೆರೆಯುತ್ತಿತ್ತು. ಕೈ ಕಿಸೆಯ ತನಕ ಹೋಯಿತು.

ಇಡಲಿಲ್ಲ. ಮಾಮೂ ಎಂದು ನಂಬಿ ನೀನು ಕೈ ಚಾಚಿದ್ದೀ. ಚಾಚಿದ ಕೈಯ ಮೇಲೆ ಏಟು ಹಾಕುವುದು ನನಗೆ ಬೇಡ. ಅದನ್ನು ಒಂದು ಸಲ ನಮ್ಮ ಮನೆಯವನು ಮಾಡಿಯಾಗಿದೆ.

ಹಾಗೆಂದು ಸುಡಲೂ ಆರೆ. ಜನವರಿಯಲ್ಲಿ ನಿನಗಾಗಿ ಒಂದು ಸಲ ಅಳಿಸಿದ್ದೇನೆ, ಇನ್ನೊಂದು ಸಲ ಈ ಕೈಯಿಂದಾಗದು. ಅದಕ್ಕೇ ಉಸ್ತಾದರ ಮಾತಿನಂತೆ ಮಾಡುತ್ತಿದ್ದೇನೆ. ನಿನ್ನೊಳಗಿಂದ ತೆಗೆದದ್ದು ನಿನ್ನ ಕೈಗೇ ಬರಬೇಕು. ನಿನ್ನ ಕಾಗದವನ್ನು ಈ ಲಕೋಟೆಯಲ್ಲಿಯೇ ತಿರುಗಿ ಕಳಿಸಿದ್ದೇನೆ. ಸುಡುವುದಾದರೆ ನಿನ್ನ ಒಲೆಯಲ್ಲಿ ನೀನು ಸುಡು. ಕೋರ್ಟಿಗೆ ತರುವುದಾದರೆ ನೀನೇ ತಾ.

ನಾನು ಏನು ಮಾಡುತ್ತೇನೆಂಬುದನ್ನೂ ಮುಚ್ಚಿಡುವುದಿಲ್ಲ. 24ನೆಯ ತಾರೀಖು ಮೊದಲು ನಿನ್ನನ್ನು ಕರೆಯುತ್ತಾರೆ, ನನ್ನನ್ನು ಆಮೇಲೆ. ನೀನು ಏನು ಹೇಳಿದರೂ ನಾನು ಮೊಳೆ ಇಟ್ಟು, ಬೇಡಿ ನನ್ನ ಅಂಗಡಿಗೆ ಯಾವ ಸ್ಥಿತಿಯಲ್ಲಿ ಬಂತು, ಗೊತ್ತಿದ್ದೂ ನಾನು ಅದನ್ನು ಹೇಗೆ ನೆಟ್ಟಗೆ ಮಾಡಿದೆ ಎಂದು ಹೇಳುತ್ತೇನೆ. ಅದಕ್ಕೆ ನನಗೆ ಶಿಕ್ಷೆಯಿದ್ದರೆ ಇರಲಿ. ಯಾರು ಕಳಿಸಿದ್ದೆಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ. ಹೊಡೆದವನು ಯಾರೆಂದು ಕೇಳಿದರೆ ಸುಳ್ಳು ಹೇಳಲಾರೆ. ನಿನ್ನ ಬಾಯಿಯಿಂದ ಬಂದರೆ ಅದರಲ್ಲಿ ಹಾಕು ಎಂದವರ ಮಾತೂ ಬರುತ್ತದೆ, ಸಂತೆಯಲ್ಲಿ ನಕ್ಕವರೂ ನೆನಪಾಗುತ್ತಾರೆ, ಅವರಲ್ಲಿ ಒಬ್ಬಿಬ್ಬರು ನಿಲ್ಲಬಹುದು. ನನ್ನ ಬಾಯಿಯಿಂದ ಬಂದರೆ ನೀನೊಬ್ಬನೇ ಉಳಿಯುತ್ತೀ. ನಿಜವನ್ನು ನಾನು ಮೊದಲು ಹೇಳುವಂತೆ ಮಾಡಬೇಡ.

ನೌಕರಿ ಉಳಿಯುತ್ತದೆಂದು ನಾನು ಹೇಳುವುದಿಲ್ಲ. ಉಳಿಯಲಾರದು. ಮುನವ್ವರ್ ಬೀಗೆ ಹೇಳುವುದು ನಿನಗಾಗದಿದ್ದರೆ ನಾನು ಬಂದು ಹೇಳುತ್ತೇನೆ, ನನ್ನ ಬೈಗುಳ ನಾನು ತಿನ್ನುತ್ತೇನೆ. ಮಹಬೂಬೀ ಈಗಾಗಲೇ ಹಿಂದಿನ ಕೋಣೆಯ ಟ್ರಂಕುಗಳನ್ನು ಹೊರಗೆ ಹಾಕಿಸಿ ಸಾರಿಸುತ್ತಿದ್ದಾಳೆ. ಹೆರಿಗೆ ಇಲ್ಲೇ ಆಗಲಿ ಎನ್ನುತ್ತಾಳೆ. ಎಡಗೈಯವರ ಕತ್ತರಿ ಮಾಡಲು ನನಗೂ ಇನ್ನೊಂದು ಜೊತೆ ಕೈ ಬೇಕು, ಸಣ್ಣ ಪೆಟ್ಟು ಹಾಕಲು ಬರುವವರ ಕೈ.

23ರ ಮಧ್ಯಾಹ್ನದ ಬಸ್ಸಿಗೆ ತಾಯಪ್ಪ, ಹುಲಗೆಮ್ಮ, ನಾನು ಮೂವರೂ ಹೊರಡುತ್ತೇವೆ. ಟಪಾಲಿನವನು ಬೆಳಿಗ್ಗೆ ಹತ್ತಕ್ಕೆ ನಮ್ಮ ಓಣಿಗೆ ಬರುತ್ತಾನೆ. ಅಷ್ಟರೊಳಗೆ ನಿನ್ನದೆಂದು ಎರಡು ಸಾಲು ಬಂದರೆ ಅದನ್ನು ಬಸ್ಸಿನಲ್ಲಿ ಹುಲಗೆಮ್ಮನಿಗೆ ಓದಿ ಹೇಳಬಹುದು. ಎರಡು ಗಂಟೆಯ ದಾರಿಯಾದರೂ ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತರೆ ಅದು ಮುಗಿಯುವುದಿಲ್ಲ. ಎಲ್ಲರೂ ಕ್ಷೇಮ ಎಂದು ಬರೆದು ಮುಗಿಸಬೇಡ. ಬರುವಿಯೋ ಇಲ್ಲವೋ, ಏನು ಹೇಳುವಿ, ಅದನ್ನು ಬರೆ. ಇಪ್ಪತ್ತಮೂರರೊಳಗೆ ಬರೆ, ಬೇಟಾ.

ನಿನ್ನ ಮಾಮೂ
ಗುಡುಸಾಬ